ಮಾತ್ರೆ ಮುಟ್ಟದ ಬೆನ್ನು

ಕಿರುಚಿದರೆ ಮರ್ಯಾದೆ ಹೋಗುತ್ತದೆಂದು ಅವನು ದಿಂಬು ಕಚ್ಚಿಕೊಂಡಿದ್ದ. ಸೊಂಟದಲ್ಲಿ ಹುಟ್ಟಿದ ನೋವು ಎಡತೊಡೆಯ ಹಿಂದೆ ಹರಿದು ಹಿಮ್ಮಡಿಯವರೆಗೂ ಸುಡುತ್ತಿತ್ತು. ಕಾಲುಚೀಲ ಹಾಕಿಕೊಳ್ಳಲು ಬಗ್ಗಿದ್ದೇ ನೆಪ, ಬೆನ್ನಿನ ಡಿಸ್ಕ್ ಜಾರಿತ್ತು. ನಿನ್ನೆಯಿಂದ ಎಡಪಾದ ಎತ್ತಲೂ ಆಗುತ್ತಿಲ್ಲ.

"ಸಾರ್, ಹಠ ಬಿಡಿ," ಎಂದ ಮನೆಗೇ ಬಂದು ಮಂಚದ ಪಕ್ಕ ನಿಂತಿದ್ದ ಸರ್ಜನ್. "ನರ ಸಾಯ್ತಿದೆ. ಉರಿಯೂತ ಇಳಿಸೋ ಮಾತ್ರೆ ಈಗಲೇ ತಗೊಳ್ಳಿ, ನಾಳೆ ಆಪರೇಷನ್ ಮಾಡೋಣ. ಇಲ್ಲಾಂದ್ರೆ ಈ ಕಾಲಿನ ಆಸೆ ಬಿಡಿ."

"ನನ್ನ ಹೆಂಡತಿ ತಡ್ಕೊಂಡ್ಳು. ನಾನು ತಡ್ಕೊಳಲ್ವಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನ ಕೈಕೆಳಗಿನ ವಾರ್ಡಿನ ನರ್ಸುಗಳು ಅವನನ್ನು 'ಬೆಂಕಿ ಡಾಕ್ಟರ್' ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆ ಒಡೆದು ಚೂರು ಹೊರಬಂದರೆ ದೇಹ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆ ಬೆಂಕಿಯೇ ಚೂರನ್ನು ತಿಂದು ಮುಗಿಸುತ್ತದೆ. ಮಾತ್ರೆ ಕೊಟ್ಟು ಅದನ್ನು ಆರಿಸುವವನು ಶತಮೂರ್ಖ. ಇದು ಅವನ ಸಿದ್ಧಾಂತ. ಇಲಿಗಳಲ್ಲಿ ಸಾಧಿಸಿ ತೋರಿಸಿದ್ದ. ಮನುಷ್ಯರದೊಂದು ಬೆನ್ನು ಬೇಕಿತ್ತು. ಹೋದ ವರ್ಷ ಹೆಂಡತಿಯ ಡಿಸ್ಕ್ ಜಾರಿದಾಗ, ಸದ್ಯ, ದೇವರೇ ಕೊಟ್ಟ ಎಂದುಕೊಂಡ.

ಮೊದಲ ವಾರ ಅವಳು ಕೈಮುಗಿದು ಬೇಡಿದ್ದಳು. "ಒಂದೇ ಒಂದು ಮಾತ್ರೆ ಕೊಡಿ, ನಿಮ್ಮ ದಮ್ಮಯ್ಯ." ಅವನು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದು ನರಳಾಟವನ್ನು ರೆಕಾರ್ಡ್ ಮಾಡಿಕೊಂಡಿದ್ದ. "ಎಲ್ಲಿ ಉರೀತಿದೆ, ಸರಿಯಾಗಿ ಹೇಳು. ಅಳೋದು ಆಮೇಲೆ." ಬಾಗಿಲಲ್ಲಿ ನಿಂತಿದ್ದ ಅಮ್ಮ, "ಥೂ, ನಿನ್ನ ಓದಿಗಿಷ್ಟು ಬೆಂಕಿ ಹಾಕ!" ಎಂದು ಉಗಿದು, ಸೊಸೆಯ ಊಟತಿಂಡಿಯನ್ನೆಲ್ಲ ತಾನೇ ವಹಿಸಿಕೊಂಡಳು. ಸಾಲದ್ದಕ್ಕೆ ಅಮ್ಮನ ಮಂಡಿನೋವೂ ಆಗಲೇ ಕೆರಳಬೇಕೆ! ಅವಳ ಮಾತ್ರೆಯ ಡಬ್ಬಿ ಮತ್ತೆ ಮತ್ತೆ ಖಾಲಿಯಾದಾಗ, "ಇದೇನು ಕಡಲೆಕಾಯಿ ಅಂದ್ಕೊಂಡ್ಯಾ?" ಎಂದು ಅವನು ರೇಗಿದ್ದ.

ಎರಡನೇ ವಾರದಿಂದ ಹೆಂಡತಿ ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ಅವನು ಕೋಣೆಗೆ ಬಂದಾಗೆಲ್ಲ ನರಳುತ್ತಿದ್ದಳು. ಮಿಕ್ಕ ಹೊತ್ತು ಸೊಗಸಾದ ನಿದ್ದೆ. ಬೆಂಕಿ ಗೆಲ್ಲುತ್ತಿದೆ ಎಂದು ಅವನು ಹಿಗ್ಗಿದ. ಎರಡು ತಿಂಗಳಿಗೆ ಅವಳು ಎದ್ದು ಓಡಾಡಿದಳು. ಸ್ಕ್ಯಾನ್ ಮಾಡಿಸಿದರೆ ಚೂರು ಮಾಯ! ಅವಳ ನರಳಾಟವನ್ನು ಸಭೆಗಳಲ್ಲಿ ಕೇಳಿಸಿ ಚಪ್ಪಾಳೆ ಗಿಟ್ಟಿಸಿದ. ವಾರ್ಡಿನ ರೋಗಿಗಳಿಗೂ ಮಾತ್ರೆ ನಿಲ್ಲಿಸಿದ. ಈಗ ಸ್ವತಃ ತಾನೊಂದು ಮಾತ್ರೆ ನುಂಗಿದರೆ ಅಷ್ಟು ವರ್ಷದ ಕೆಲಸ ನಗೆಪಾಟಲು. ಕಾಲು ಹೋದರೆ ಹೋಗಲಿ.

ಸರ್ಜನ್ ಹಣೆ ಚಚ್ಚಿಕೊಂಡು ಹೊರಟುಹೋದ. ಹೆಂಡತಿ ಬಂದು ಅವನ ಮುಖದ ಬೆವರು ಒರೆಸಿದಳು.

"ನೀನು ಹೇಗೆ ತಡ್ಕೊಂಡೆ ಕಣೇ?" ಈ ಮಾತನ್ನು ಅವನು ಮೊದಲ ಸಲ ಕೇಳಿದ್ದು.

"ನೀವೇ ಹೇಳಿದ್ರಲ್ಲ, ಬೆಂಕಿ ತನ್ನ ಕೆಲಸ ಮಾಡಲಿ ಅಂತ."

ಅವನ ಕಣ್ಣು ತುಂಬಿ ಬಂತು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ! ಅವಳಿಗೆ ಅಂದು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಏನಾದರೂ ಹೇಳೋಣವೆನ್ನುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿಯಾಗಿತ್ತು.

ಕಾಲ್ಬೆರಳು ಅಲ್ಲಾಡಿಸಲು ನೋಡಿದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನೋವು ಮತ್ತೊಮ್ಮೆ ಸೆಳೆಯಿತು. ದಿಂಬಿಗೆ ಬಾಯಿ ಹಾಕುವ ಮೊದಲೇ ಅರಚಿಬಿಟ್ಟ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತು ಅಮ್ಮನ ಅಳುದನಿ ಕೇಳಿಸಿತು.

"ನನ್ನ ಕೈಲಿ ಕೇಳಕ್ಕಾಗಲ್ಲ ಕಣೇ. ಆಗ ನಿನಗೆ ಹಾಕ್ತಿದ್ದ ಹಾಗೆ ಇವನ ಹಾಲಿಗೂ ನನ್ನ ಮಂಡಿನೋವಿನ ಮಾತ್ರೆ ಪುಡಿ ಮಾಡಿ ಹಾಕಿಬಿಡ್ತೀನಿ."

"ಬೇಡ ಅತ್ತೆ," ಎಂದಳು ಹೆಂಡತಿ. "ಅವರ ಸಂಶೋಧನೆ ಕೆಟ್ಟುಹೋಗತ್ತೆ."