ಮನುವಿನ ದೋಣಿಯ ಅಂಚು

ಹೊಳೆ ಊರನ್ನು ನುಂಗಿದ ಮೇಲೆ ಬದುಕಿ ಉಳಿದವರೆಲ್ಲ ಶಾಲೆಯ ಕಾಳಜಿ ಕೇಂದ್ರ ಸೇರಿದ್ದರು. ಅವರ ಮನಸ್ಸಿಗೆ ಸಮಾಧಾನವಾಗಲೆಂದು ವಾದಿರಾಜಾಚಾರ್ಯರು ಪ್ರಳಯದ ಕಥೆ ಹೇಳಲು ಕೂತರು. ದೊಡ್ಡ ಮೀನೊಂದು ಮನುವಿನ ದೋಣಿಯನ್ನು ಎಳೆದೊಯ್ದು ದಡ ಮುಟ್ಟಿಸಿತು.

"ಪುಣ್ಯವಂತರು ದೋಣ್ಯಾಗ ಉಳಿದ್ರು, ಪಾಪಿಗಳು ಮುಳುಗಿದ್ರು," ಎಂದರು ಆಚಾರ್ಯರು.

ಸೊಸೆ ಮತ್ತು ಹಸುಗೂಸಿನ ಜೊತೆ ಗೋಡೆಗೆ ಒರಗಿದ್ದ ನೀಲವ್ವ ತಲೆಯೆತ್ತಿದಳು. ಅವಳ ಮಗನ ಹೆಣ ಹಿಂದಿನ ದಿನವಷ್ಟೇ ಸಿಕ್ಕಿತ್ತು.

"ಆಚಾರ್ರ, ಮುಳುಗೋರು ಯಾರೂ ಆ ದೋಣಿ ಅಂಚು ಹಿಡೀಲಿಲ್ಲೇನ್ರಿ?"

"ಪುರಾಣದಾಗ ಹಂಗೇನೂ ಹೇಳಿಲ್ಲವ್ವ."

"ಹಂಗಾರ ಅದು ಸುಳ್ಳು ಕತಿ. ಮುಳುಗೋರು ಹಿಡದ ಹಿಡೀತಾರ. ನನ್ನ ಮಗನೂ ಹಿಡದಿದ್ದ. ಅಂವ ಪಾಪಿ ಅಲ್ರಿ. ನಮ್ಮಿಬ್ಬರನ್ನ, ಕೂಸನ್ನ ತೆಪ್ಪದಾಗ ಕುಂದರಿಸಿ, ತಾನು ನೀರಾಗ ಈಸಿಕೋತ ದೂಡಾಕತ್ತಿದ್ದ. ದಣಿದು ಹತ್ತಾಕ ಬಂದ. ತೆಪ್ಪ ವಾಲಿತು, ಕೂಸು ನೀರಿಗೆ ಜಾರಾಕತ್ತಿತು. ಅವನ ಬೆರಳು ಬಿಡಿಸಬೇಕಾತು."



"ಯಾರು ಬಿಡಿಸಿದ್ರು?" ಮುಂದೆ ಕೂತಿದ್ದ ಗಂಡಸೊಬ್ಬ ತಿರುಗಿ ಕೇಳಿದ.

ಎಲ್ಲರ ಕಣ್ಣುಗಳೂ ಆ ಇಬ್ಬರು ಹೆಂಗಸರ ಮೇಲೆ ಬಿದ್ದವು. ನೀಲವ್ವ ಎದ್ದು ನಿಂತಳು.

"ನಾನು. ಹಡೆದಾಕಿ ನಾನ ಬಿಡಿಸೀನಿ."

ನಿಜಕ್ಕೂ ಗಂಡನ ಬೆರಳುಗಳನ್ನು ಬಿಡಿಸಿದ್ದ ಸೊಸೆ, ಅತ್ತೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.