ವಾಕರ್‌ನ ಕಾಲು

ಅತ್ತೆಯ ವಾಕರ್‌ನ ಮುರಿದ ಕಾಲಿಗೆ ಸೊಸೆ ವೆಲ್ಡಿಂಗ್ ಟಾರ್ಚ್ ಹಿಡಿದಳು. ಅಲ್ಯೂಮಿನಿಯಂ ಕಬ್ಬಿಣದಂತಲ್ಲ, ಕೆಂಪಗಾಗುವ ಮೊದಲೇ ಕರಗಿ ತೂತು ಬೀಳುತ್ತದೆ. ಅವಳು ಉಸಿರು ಬಿಗಿಹಿಡಿದು, ಗಾಳಿ ಸೋಕದಂತೆ ಆರ್ಗಾನ್ ಗ್ಯಾಸಿನ ಮರೆಯಲ್ಲಿ ತೆಳು ತಂತಿಯನ್ನು ಹನಿಹನಿಯಾಗಿ ಕರಗಿಸುತ್ತಾ ಬೆಸೆದಳು.

ಪೈಪು ತಣ್ಣಗಾದ ಮೇಲೆ ಅತ್ತೆ ಬೆಸುಗೆಯ ಮೇಲೆ ಬೆರಳಾಡಿಸಿದರು. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಅದು. ಸೊಸೆಯ ವೆಲ್ಡಿಂಗ್ ಕೆಲಸ ಕಂಡು ಮದುವೆಯಾದಾಗಿನಿಂದ ಮೂಗು ಮುರಿಯುತ್ತಾ ಬಂದವರೂ ಅವರೇ.

"ಮೊದಲು ನಾನು ಊರಿ ನೋಡ್ತೀನಿ ಅತ್ತೆ," ಎಂದಳು ಸೊಸೆ.

"ನೀನ್ಯಾಕೆ? ಹೊಲಿಗೆ ಕಣ್ಣಿಗೇ ಕಾಣ್ತಿದೆಯಲ್ಲ, ಒಂದೂ ತಪ್ಪಿಲ್ಲ."

ಅತ್ತೆ ಗೋಡೆ ಹಿಡಿದಿದ್ದ ಕೈ ಬಿಟ್ಟು, ಮೈಭಾರವನ್ನೆಲ್ಲ ವಾಕರ್ ಮೇಲೆ ಹಾಕಿ ಬಾಗಿಲವರೆಗೆ ನಡೆದರು. ಎದುರುಮನೆಯಾಕೆಯನ್ನು ಕೂಗಿ ಕರೆದರು. "ನಿಮ್ಮ ಗೇಟು ಮುರಿದು ಬಿದ್ದಿದೆಯಲ್ಲ, ನಮ್ಮ ಸೊಸೆಗೆ ಹೇಳಿ."