ಅಮ್ಮನ ಹಲ್ಲು ಸೆಟ್ಟು

ತಂಗಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ಸತ್ತ ಅಮ್ಮನ ಮೈ ಒರೆಸಲು ಅವಳು ಒದ್ದೆ ಬಟ್ಟೆ ಎತ್ತಿಕೊಂಡಾಗ ಅಕ್ಕ ಕೈ ತಡೆದಳು. "ನೀನು ಮುಟ್ಟಬೇಡ. ಯಾವತ್ತೂ ಕೈ ಮುಗಿದವಳಲ್ಲ, ನಿನಗೆ ಇದೆಲ್ಲ ಯಾಕೆ?"

ವಾರವಿಡೀ ನಿದ್ದೆಗೆಟ್ಟಿದ್ದ ತಂಗಿಗೆ ಜಗಳವಾಡುವ ತ್ರಾಣವಿರಲಿಲ್ಲ. ಬಟ್ಟೆಯನ್ನು ಅಕ್ಕನಿಗೆ ಕೊಟ್ಟು, ಕಿಟಕಿಯಲ್ಲಿದ್ದ ಲೋಟದಿಂದ ಅಮ್ಮನ ಹಲ್ಲು ಸೆಟ್ಟು ತೆಗೆದು ತೊಳೆಯತೊಡಗಿದಳು.

"ಅದ್ಯಾಕೆ ಈಗ? ಹೋದ ಕಡೆ ಏನು ಅಗಿಯೋದಿದೆ ಅವಳಿಗೆ?" ಅಕ್ಕ ಸಿಡುಕಿದಳು. "ಅಮ್ಮ ದೇವರ ಹತ್ರ ಹೋದ್ಲು. ಇದು ಬರೀ ದೇಹ ಕಣೇ."

"ಹಲ್ಲಿಲ್ಲದ ಬಾಯನ್ನ ಅವಳು ಅಪ್ಪಂಗೂ ತೋರಿಸ್ಲಿಲ್ಲ. ಹೊರಗೆ ಅಷ್ಟು ಜನ ನೋಡೋಕೆ ಕಾಯ್ತಿದ್ದಾರೆ. ನಿನಗಾದ್ರೆ ಅಮ್ಮ ಇನ್ನೆಲ್ಲೋ ಇದ್ದಾಳೆ ಅಕ್ಕಾ. ನನಗೆ ಉಳಿದಿರೋದು ಇಷ್ಟೇ."

ದವಡೆ ಆಗಲೇ ಬಿಗಿಯತೊಡಗಿತ್ತು, ತಂಗಿಯ ಒಂದು ಕೈಗೆ ಬಗ್ಗಲಿಲ್ಲ. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಟ್ಟೆ ಬದಿಗಿಟ್ಟು ಬಂದು, ಎರಡೂ ಕೈಯಲ್ಲಿ ಅಮ್ಮನ ಗದ್ದ ಹಿಡಿದು ಮೆಲ್ಲಗೆ ಕೆಳಗೆಳೆದಳು. ಮೇಲಿನ ಸಾಲು ಕೂತಿತು. ಕೆಳಗಿನದು ಒತ್ತುವಾಗ ಲಟಕ್ಕನೆ ಮುರಿಯಿತು.

"ಇರಲಿ ಬಿಡೇ, ತುಟಿ ಮುಚ್ಚು," ಎಂದಳು ಅಕ್ಕ. "ಯಾರಿಗೂ ಕಾಣಲ್ಲ."

ಆ ಬೆಳಿಗ್ಗೆ ಇಬ್ಬರೂ ಕಳೆದುಕೊಂಡದ್ದು ಒಬ್ಬ ಅಮ್ಮನನ್ನು, ಒಂದು ಸಾಲು ಹಲ್ಲನ್ನು.